ನಲವತ್ತೇಳನೇ ಮರದ ಹುಣಸೆ

ಆಗಸ್ಟ್ 21, ಸೋಮವಾರ

ಇವತ್ತು ಒಂಬತ್ತು ಚೀಲ. ಚೀಟಿ ಬರೆದು, ಬಾಯಿ ಹೊಲಿದು, ಗೋಡೆಗೆ ಒರಗಿಸಿದ್ದಾಯಿತು. ಬೆರಳ ಸಂದಿಯಲ್ಲೆಲ್ಲ ಹುಳಿ, ಗಾಯವಿದ್ದಲ್ಲಿ ಉರಿ. ಬಾವಿಯಲ್ಲಿ ನೀರು ಮೊಳಕಾಲ ಮಟ್ಟಕ್ಕೆ ಬಂದಿದೆ. ಕೈ ತೊಳೆಯಲು ಒಂದು ಚೊಂಬು. ತೊಳೆದ ನೀರು ನುಗ್ಗೆ ಗಿಡಕ್ಕೆ.

ಪ್ರಾಜೆಕ್ಟಿನವರು ಬಿಟ್ಟುಹೋದ ಬ್ಯಾನರು ನನ್ನ ಮನೆಯ ಶೆಡ್ಡಿನ ಕಿಟಕಿಗೆ ಪರದೆಯಾಗಿದೆ. ‘ಬರಪೀಡಿತ ಗಡಿ ಪ್ರದೇಶದಲ್ಲಿ ಮೌಲ್ಯ ಸರಪಳಿಯ ಬಲವರ್ಧನೆ.’ ಅವರು ಹೋಗಿ ಎರಡು ವರ್ಷ. ಸರಪಳಿ ಉಳಿದಿದೆ — ಮರ, ಗಳ, ಇಪ್ಪತ್ತೆರಡು ಹೆಂಗಸರು, ನಾನು, ಲಾರಿ, ಹಡಗು, ಸುರಬಾಯದ ಕಂಪನಿ. ಮೊದಲು ಏಜೆಂಟ್ ಬಂದು ಸಿಪ್ಪೆ, ಬೀಜ, ಮಣ್ಣಿನ ಸಮೇತ ತುಂಬಿಕೊಂಡು ಹೋಗುತ್ತಿದ್ದ. ಅವನು ಹೇಳಿದ್ದೇ ರೇಟು. ಈ ವರ್ಷ ಮೊದಲ ಸಲ ನಾವೇ ಬಿಡಿಸಿ, ಒಣಗಿಸಿ, ನೇರ ಕಂಪನಿಗೆ. ಎಂಬತ್ತು ಚೀಲ. ಔಷಧಿ ಸೋಕದ, ಸುಣ್ಣದಲ್ಲಿ ನಂಬರು ಬರೆದ ನೂರಾ ಹನ್ನೆರಡು ಮರಗಳ ಹಣ್ಣು ಮಾತ್ರ. ಪ್ರತಿ ಚೀಲಕ್ಕೂ ಮರದ ನಂಬರು, ಕೆಳಗೆ ನನ್ನ ಸಹಿ. ಒಂದು ಚೀಟಿ ಸುಳ್ಳಾದರೂ ಅಷ್ಟೂ ಮಾಲು ವಾಪಸ್ಸು, ಗುಂಪು ಪಟ್ಟಿಯಿಂದ ಔಟ್. ಆಮೇಲೆ ಮತ್ತೆ ಏಜೆಂಟನೇ ಗತಿ.

ಮರಕ್ಕೊಂದು ನಂಬರು, ಚೀಲಕ್ಕೊಂದು ಚೀಟಿ;
ಗಡಿಗೊಂದು ಗೇಟು — ನನ್ನ ಆಡು ಬಂತದನು ದಾಟಿ.

ನಿಜ. ಇವತ್ತೂ ಹಗ್ಗ ಕಡಿದುಕೊಂಡು, ಗಡಿಯ ಒಣನದಿ ದಾಟಿ, ಆಚೆ ದೇಶ ಪೂರ್ವ ತಿಮೋರಿನಲ್ಲಿ ಮೇಯ್ದು ಬಂದಿದೆ. ಪಾಸ್‌ಪೋರ್ಟ್ ಇಲ್ಲ, ಪಶ್ಚಾತ್ತಾಪವೂ ಇಲ್ಲ.

ಆಗಸ್ಟ್ 29

ಅಬುಕ್ ಜೊತೆ ಮರ ನೋಡಲು ಹೋಗಿದ್ದೆ. ಪಕ್ಕದ ಮನೆಯವಳು, ನನ್ನ ಗಂಡ ಕ್ಲಾವುವಿನ ಚಿಕ್ಕಪ್ಪನ ಮಗನ ಹೆಂಡತಿ, ಈ ಊರಲ್ಲಿ ನನ್ನ ಜೊತೆ ಜಗಳವಾಡುವ ಹಕ್ಕಿರುವ ಒಬ್ಬಳೇ ಹೆಂಗಸು. ನಲವತ್ತೇಳನೇ ಮರ ಅವಳದು.

“ಮ್ಯಾಲೆ ನೋಡಬ್ಯಾಡ, ಕುತ್ತಿಗಿ ನೋಯ್ತೈತಿ. ಏನಿಲ್ಲ ಅಲ್ಲೆ.”

“ಆ ಟೊಂಗಿಯಾಗ ನಾಕು ಕಾಯಿ ಅದಾವಲ್ಲ.”

“ಅವು ಬಾವಲಿ ಪಾಲು. ಆತಗೂ ಮಕ್ಕಳುಮರಿ ಇರ್ತಾವ.”

ಇವರ ತೆತುನ್ ಭಾಷೆ ನನ್ನ ಕಿವಿಗೆ ನನ್ನೂರು ಕುಷ್ಟಗಿಯ ಮಾತಾಗಿಯೇ ಬೀಳುತ್ತದೆ. ಹಾಗೇ ಬರೆಯುತ್ತೇನೆ. ಯಾರು ಓದಬೇಕಿದೆ?

ಎರಡು ವರ್ಷದ ಮಳೆಗೇಡು. ಹದಿಮೂರು ಮರ ಪೂರಾ ಖಾಲಿ. ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಎಂಬತ್ತು ಮುಟ್ಟುವುದು ಕಷ್ಟ.

ಸೆಪ್ಟೆಂಬರ್ 5

ಲುರುಕ್ ಅಜ್ಜಿಯ ಮೈದುನ ತೀರಿಕೊಂಡ. ಅಜ್ಜಿ ಈ ಊರಿನ ಮೂಲಮನೆಯ ಹಿರಿಯಳು, ನಮ್ಮ ಗುಂಪಿಗೂ ಹಿರಿಯಳು. ಬಾಯಲ್ಲಿ ಸದಾ ಎಲೆಯಡಿಕೆ.

ಮೈದುನನ ಹೆಂಡತಿಯ ತವರಿನವರು ಒಣಗಿದ ನದಿ ದಾಟಿ ಬಂದರು. ಇಲ್ಲಿಯ ಅರ್ಧ ಸೊಸೆಯರ ತವರು ಆ ದಂಡೆಯದೇ. ಮುಂದೆ ಅದೇ ಮನೆತನದ, ಅಬುಕಳ ಅಣ್ಣ ಬೆರೆಕ್, ಹೆಗಲ ಮೇಲೆ ನೇಯ್ದ ಕೆಂಪು ಬಟ್ಟೆ. ಹಿಂದೆ ಒಂದು ಹಂದಿ, ಒಲ್ಲದ ಮನಸ್ಸಿನಿಂದ. ಚೌಕಿಯ ಸೈನಿಕರು ಆಕಾಶ ನೋಡುತ್ತ ನಿಂತರು. ಸಾವಿಗೆ ಬಂದವರನ್ನು ತಡೆಯುವುದಿಲ್ಲ. ಬಾಗಿಲ ಎಡಕ್ಕೆ ತವರಿನವರ ಚಾಪೆ. ಅವರು ಅದರ ಮೇಲೆ ಕೂತ ಮೇಲೇ ಮಿಕ್ಕಿದ್ದೆಲ್ಲ.

ನಾಲ್ಕು ವರ್ಷದ ಹಿಂದೆ ಕ್ಲಾವು ಹೋದಾಗಲೂ ಎಡಕ್ಕೆ ಚಾಪೆ ಹಾಸಿದ್ದರು. ಪದ್ಧತಿ ಬಿಡಬಾರದಲ್ಲ. ಎರಡು ದಿನ ಖಾಲಿ ಇತ್ತು. ಮೂರನೇ ದಿನ ಒಂದು ಕೋಳಿ ಬಂದು ಗಂಭೀರವಾಗಿ ಕೂತಿತು. ನಾನು ನಕ್ಕೆ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡರು.

ಧಾರವಾಡಕ್ಕೆ ಒಣಬೇಸಾಯದ ತರಬೇತಿಗೆ ಬಂದವನನ್ನು ಕಟ್ಟಿಕೊಂಡಾಗ ಅಣ್ಣ ಒಂದೇ ಮಾತು ಹೇಳಿದ್ದ: ಹೋದರೆ ಹೋದಂತೆಯೇ. ಕ್ಲಾವುವಿನ ಸಾವಿನ ದಿನ ಫೋನ್ ಹಚ್ಚಿದೆ. ‘ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ.’ ಆ ವರ್ಷ ಇನ್ನೊಬ್ಬರ ಬಾಯಿಂದ ಕೇಳಿದ ಕನ್ನಡ ಅದೊಂದೇ. ಮತ್ತೆರಡು ಸಲ ಹಚ್ಚಿ ಕೇಳಿದೆ.

ಚಾಪೆ… ಪ್ರಾಸ ಸಿಗಲಿಲ್ಲ. ಇವತ್ತೂ.

ಸೆಪ್ಟೆಂಬರ್ 18, ಸಂಜೆ

ಕಂಪನಿಯ ಕಾಗದಪತ್ರಕ್ಕೆಂದು ನಾಲ್ಕು ದಿನ ಅತಂಬುವಾ ಪೇಟೆಯಲ್ಲಿದ್ದೆ. ಬಂದು ನೋಡಿದರೆ ಶೆಡ್ಡಿನಲ್ಲಿ ಎಂಬತ್ತು ಚೀಲ! ಎಣಿಸಿದೆ. ಮತ್ತೆ ಎಣಿಸಿದೆ. ಚೀಟಿ ಕಟ್ಟಿ ಇಟ್ಟಿದ್ದಾರೆ, ನನ್ನ ಸಹಿಯಷ್ಟೇ ಬಾಕಿ. ಪೆನ್ನು ತೆಗೆದೆ. ಮೊದಲು ಕೈಗೆ ಸಿಕ್ಕ ಚೀಟಿ —

ಮರ ಸಂಖ್ಯೆ 47.

ಒಂದಲ್ಲ, ಎರಡು ಚೀಲ. ಬಾವಲಿಗೆ ಬಿಟ್ಟ ನಾಕು ಕಾಯಿಯಿಂದ.

ಚೀಲ ಬಿಚ್ಚಿ ಚೂರು ಬಾಯಿಗೆ ಹಾಕಿಕೊಂಡೆ. ನಮ್ಮ ಹುಣಸೆ ಮೊದಲ ಏಟಿಗೇ ಕಿವಿ ಹಿಂಡುತ್ತದೆ. ಇದು ಮೆಲ್ಲಗೆ ಹುಳಿ, ಕೊನೆಗೆ ಸಿಹಿ. ಆ ದಂಡೆಯದು. ನೋಟ್‌ಬುಕ್ ತೆಗೆದು ತಾಳೆ ನೋಡಿದೆ. ಖಾಲಿ ಮರಗಳ ನಂಬರು ಹೊತ್ತ ಚೀಲ ಹನ್ನೊಂದು.

ಸೆಪ್ಟೆಂಬರ್ 19

ಎಲ್ಲರೂ ಇದ್ದರು. ಕೇಳಿದೆ.

“ಅಬುಕ್, ನಲವತ್ತೇಳು ಹೆಂಗ ಹಣ್ಣು ಕೊಡ್ತು?”

“ನೀ ಅವತ್ತ ಹಂಗ ನೋಡಿದೆಲ್ಲ, ನಾಚಿ ಕೊಡ್ತು.”

ಎಲ್ಲರೂ ನಕ್ಕರು. ನಾನು ನಗಲಿಲ್ಲ.

“ಅಣ್ಣ ಕೊಟ್ಟ,” ಅಂದಳು. “ತಂಗಿ ಮಾನ ಹೋಗಬಾರದು ಅಂತ ಆ ದಂಡಿ ಅಣ್ಣದೇರೆಲ್ಲ ಕೂಡಿ ಕೊಟ್ರು. ಅವರs ಹೊತ್ತು ತಂದ್ರು. ಅದರಾಗ ತಪ್ಪೇನೈತಿ?”

“ಆ ಮರಕ್ಕ ನಂಬರಿಲ್ಲ.”

“ಅಣ್ಣನ ಮರ ಅಂದ್ರ ನನ್ನ ಮರ. ನಿನ್ನ ಸುಣ್ಣದ ನಂಬರು ನಿನ್ನೆ ಮೊನ್ನೇದು.”

“ಅದು ಬ್ಯಾರೆ ದೇಶ, ಅಬುಕ್.”

“ನದಿ ಒಣಗೇತಿ. ದೇಶ ಎಲ್ಲಿ ಕಾಣಸ್ತೈತಿ, ತೋರಸು.”

ಯಾರೂ ಸುಳ್ಳು ಹೇಳುತ್ತಿಲ್ಲ. ಅವರ ಪ್ರಕಾರ ಅದು ನಿಜವಾಗಿಯೂ ನಲವತ್ತೇಳರ ಹಣ್ಣೇ. ಆದರೆ ಕಂಪನಿಯವನಿಗೆ ತಂಗಿಯ ಮಾನ ಗೊತ್ತಿಲ್ಲ, ಮರದ ನಂಬರು ಗೊತ್ತು. ಕತ್ತರಿ ತೆಗೆದು ಹನ್ನೊಂದು ಚೀಟಿಯನ್ನೂ ಕತ್ತರಿಸಿದೆ. ಚೀಲಗಳನ್ನು ಒಂದು ಮೂಲೆಗೆ ಎಳೆದೆ. ಯಾರೂ ಕೈ ಹಚ್ಚಲಿಲ್ಲ.

“ಇನ್ನ ಇವನ್ನ ಏನ್ ಮಾಡ್ಲಿ? ತಿರುಗಿ ಒಯ್ದು ಕೊಡ್ಲೇನು? ತವರಿನವರು ಕೊಟ್ಟಿದ್ದು ತಿರುಗಿ ಕೊಟ್ರ ನಂಟು ಕಡದಂಗ, ಗೊತ್ತೈತಿಲ್ಲೊ ನಿನಗ?” ಅಬುಕ್ ಬಾಗಿಲವರೆಗೆ ಹೋಗಿ ನಿಂತಳು. “ನಿನಗೆಲ್ಲಿ ಗೊತ್ತಿರಬೇಕು. ತವರಿಲ್ಲದಾಕಿ.”

ಸಹಿ ಹಾಕಿದರೆ ಸುಳ್ಳು,
ಹಾಕದಿದ್ದರೆ ಮುಳ್ಳು.

ಪ್ರಾಸ ಚೆನ್ನಾಗಿದೆ. ಊಟ ಸೇರಲಿಲ್ಲ.

ಸೆಪ್ಟೆಂಬರ್ 20

ಯಾರೂ ಬರಲಿಲ್ಲ.

ಸೆಪ್ಟೆಂಬರ್ 28

ಯಾರೂ ಬರಲಿಲ್ಲ. ಬಾವಿಯ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ನೀರು ಸೇದುವ ಹಗ್ಗವನ್ನು ಮರ್ಯಾದೆಯಿಂದಲೇ ನನ್ನ ಕೈಗೆ ಕೊಡುತ್ತಾರೆ. ಆ ಮರ್ಯಾದೆಯನ್ನೇ ತಾಳಲಾಗದು. ಹದಿನೆಂಟು ವರ್ಷದಲ್ಲಿ ಸಂಪಾದಿಸಿದ ಬೈಗುಳಗಳೆಲ್ಲ ಒಂದೇ ದಿನಕ್ಕೆ ಹೋದವು.

ಆಡಿನ ಜೊತೆ ಮಾತಾಡಿದೆ. ಅದೂ ಆ ದಂಡೆಯ ಕಡೆಗೇ ನೋಡುತ್ತಿತ್ತು.

ಅಕ್ಟೋಬರ್ 6

ಸುರಬಾಯದಿಂದ ತಪಾಸಣೆಯವನು ಬಂದ. ಹರ್ತೊನೊ ಅಂತ, ಇಸ್ತ್ರಿ ಅಂಗಿ, ಮೃದು ಮಾತು. ಹೆಂಗಸರೆಲ್ಲ ಬಂದು ದೂರದಲ್ಲಿ ಕೂತರು.

“ಎಂಬತ್ತಲ್ಲ, ಅರವತ್ತೊಂಬತ್ತು,” ಅಂದೆ. “ಮಳೆ ಇಲ್ಲ. ಮೂಲೆಯವು ನಮ್ಮ ಪಟ್ಟಿಯವಲ್ಲ. ಲೋಡ್ ಮಾಡಬೇಡಿ.”

ಪಟ್ಟಿಯಲ್ಲಿ ಕಣ್ಣು ಮುಚ್ಚಿ ಬೆರಳಿಟ್ಟು ಐದು ಮರ ಆರಿಸಿದ. ಆರು, ಹತ್ತೊಂಬತ್ತು, ಮೂವತ್ತು, ಎಂಬತ್ತೆರಡು, ನೂರಾ ಒಂದು. ಬಿಸಿಲಲ್ಲಿ ನಡೆದು ನೋಡಿ ಬಂದ. ತೃಪ್ತಿ. ಅರವತ್ತೊಂಬತ್ತಕ್ಕೂ ಒಪ್ಪಿದ. ಗುಂಪು ಪಟ್ಟಿಯಲ್ಲಿ ಉಳಿಯಿತು, ಮುಂದಿನ ವರ್ಷವೂ ಕೊಳ್ಳುತ್ತಾರೆ. ಲಾರಿ ಹೋಯಿತು.

ನಲವತ್ತೇಳರ ಹತ್ತಿರ ಹೋಗಲೇ ಇಲ್ಲ.

ಲಾರಿಯ ಧೂಳು ಇಳಿದ ಮೇಲೆ ಅಬುಕ್ ಎದ್ದು ಲಂಗ ಕೊಡವಿಕೊಂಡಳು. “ನೋಡಿದಿ? ಅಂವ ಕೇಳಲೇ ಇಲ್ಲ,” ಅಂದಳು. ಹದಿನೇಳು ದಿನದ ನಂತರ ಆಡಿದ ಮೊದಲ ಮಾತು.

ಸರಿಯಾದದ್ದನ್ನೇ ಮಾಡಿದ್ದೇನೆ. ಶೆಡ್ಡು ತುಂಬ ಅದೇ ಇದೆ. ಅದು ಮತ್ತು ಹನ್ನೊಂದು ಚೀಲ.

ಅಕ್ಟೋಬರ್ 10

ಲುರುಕ್ ಅಜ್ಜಿ ಕೋಲೂರಿಕೊಂಡು ಬಂದಳು. ಕೂತಳು. ಎಲೆಯಡಿಕೆ ಮುಂದೆ ಸರಿಸಿದಳು. ನಾನು ಹಾಕಿಕೊಳ್ಳುವವರೆಗೆ ಬಾಯಿ ಬಿಡಲಿಲ್ಲ.

“ಆ ಮೂಲ್ಯಾಗಿನವು ನೆಲಕ್ಕ ಬಿದ್ದ ಕೊಡುಗೆ. ಎಂಬತ್ತು ತುಂಬ್ಸಲಿ ಅಂತ ಕೊಟ್ರು, ತುಂಬಲಿಲ್ಲ. ತಿರುಗಿ ಒಯ್ಯಾಕ ಬರೂದಿಲ್ಲ, ಸಂತ್ಯಾಗ ಮಾರಾಕ ಬರೂದಿಲ್ಲ. ಯಾರರ ಒಬ್ಬಾಕಿ ತಂಗಿ ಅಂತ ಕೈಯಾರೆ ಇಸ್ಕೋಬೇಕು.”

“ಅಬುಕ್ ಇಸ್ಕೊಳ್ಳಲಿ.”

“ಆಕಿಗೆ ಒಮ್ಮೆ ಕೊಟ್ಟಾಗೇತಿ. ಎರಡು ಸಲ ಇಸ್ಕೊಳ್ಳಾಕ ಆಕಿ ಏನು ಹೊಟ್ಟಿಬಾಕೀನ?” ಕೆಂಪಗೆ ಉಗುಳಿದಳು. “ಊರಾಗ ತವರು ಇಲ್ಲದಾಕಿ ಒಬ್ಬಾಕಿ ಅದಾಳ. ಚೀಲ ಆಕಿ ಮನ್ಯಾಗs ಅದಾವ. ಅಣ್ಣದೇರು ಆಕಿಗೇ ಕೊಟ್ರು ಅಂದ್ರ ನಂಟೂ ಉಳೀತು, ಹುಣಸೀನೂ ಉಳೀತು.”

ಮೂಲೆಯ ಚೀಲಗಳ ಕಡೆ ತಿರುಗಿದೆ. ಆ ಒಬ್ಬಾಕಿ ನಾನೇ.

“ಅವರು ಒಪ್ತಾರೇನಜ್ಜಿ?”

“ತಂಗಿ ಕಡಿಂದ ಒಂದು ಆಡು ಹೋಗಬೇಕು. ಆಡು ಇಟ್ಕೊಂಡ್ರ ಒಪ್ಪಿದಂಗ. ಆಮ್ಯಾಲೆ ಸತ್ತವರ ಹಬ್ಬಕ್ಕ ಬಂದು ಕ್ಲಾವುನ ಗೋರಿ ಹತ್ರ ಚಾಪಿ ಮ್ಯಾಲೆ ಕುಂದ್ರತಾರ. ಆದ್ರ ತಿಳ್ಕೊ, ಅಣ್ಣದೇರು ಸಿಕ್ರು ಅಂತ ಹಿಗ್ಗಬ್ಯಾಡ. ಅವರ ಮನ್ಯಾಗ ಯಾರರ ಸತ್ತಾಗೆಲ್ಲ ಆಡು ಒಯ್ಯಬೇಕು. ಭಾಳ ಮಂದಿ ಅದಾರ. ಭಾಳ ಮುದುಕರದಾರ.”

ನನ್ನಲ್ಲಿರುವುದು ಒಂದೇ ಆಡು.

ಅಕ್ಟೋಬರ್ 14

ಆಡು ಹೋಯಿತು. ಅಜ್ಜಿಯೂ ಇಬ್ಬರು ಹಿರಿಯರೂ ಕರೆದೊಯ್ದರು. ನಾನು ಹೋಗುವಂತಿಲ್ಲ. ತಿರುಗಿ ನೋಡಲಿಲ್ಲ ಅದು. ಕತ್ತಲಾಗುವ ಮೊದಲು ಅಜ್ಜಿ ಬಂದಳು. “ಕಟ್ಕೊಂಡಾರ,” ಅಂದಳು. ಅಷ್ಟೇ.

ಅಂಗಳದ ಗೂಟ ನೋಡುತ್ತ ಕೂತಿದ್ದೇನೆ. ಆಡಿಲ್ಲದ ಗೂಟ, ಬೇರಿಲ್ಲದ ನೋಟ… ಪ್ರಾಸವಷ್ಟೇ, ಅರ್ಥವಿಲ್ಲ.

ಅಕ್ಟೋಬರ್ 17, ಬೆಳಿಗ್ಗೆ ಆರು

ಆಡು ಬಂದಿದೆ.

ಅಂಗಳದಲ್ಲಿ ನಿಂತಿದೆ. ಕೊರಳಲ್ಲಿ ಕಡಿದ ಹಗ್ಗ. ನನ್ನ ನುಗ್ಗೆ ಗಿಡ ತಿನ್ನುತ್ತಿದೆ.

ಅದೇ ದಿನ, ಮಧ್ಯಾಹ್ನ

ಅಜ್ಜಿಯ ಹತ್ತಿರ ಓಡಿದೆ. ತಾನೇ ಕಡಿದುಕೊಂಡು ಬಂತೋ? ಅವರೇ ಬಿಟ್ಟರೋ? ಹಗ್ಗದ ತುದಿ ಹಲ್ಲಿನದೋ ಕತ್ತಿಯದೋ ಅಂತ ಇಬ್ಬರೂ ಬೆಳಕಿಗೆ ಹಿಡಿದು ನೋಡಿದೆವು. ಅಜ್ಜಿಗೆ ಕಣ್ಣು ಕಾಣದು. ನನಗೆ ಧೈರ್ಯ ಸಾಲದು.

“ಮನುಷ್ಯಾರು ತಂದು ಬಿಟ್ಟಿದ್ರ ನಂಟು ಕಡೀತು ಅಂತಿದ್ದೆ. ಆಡು ತಾನs ಬಂದ್ರ… ಇಂಥಾ ಆಡು ನಾ ಕಂಡಿಲ್ಲವ್ವ.”

“ತಿರುಗಿ ಕಳಿಸಲೇನು?”

“ಎರಡನೇ ಸಲ ಕಳಿಸಿದ್ರ ಬೇಡಿದಂಗ ಆಕೈತಿ. ಸುಮ್ಮನಿರು. ಹಬ್ಬಕ್ಕ ಬಂದ್ರ ಬಂದ್ರು.”

ಅಕ್ಟೋಬರ್ 26

ಆ ದಂಡೆಯಿಂದ ಸುದ್ದಿಯಿಲ್ಲ. ಬಾಯಿ ಬಿಟ್ಟು ಕೇಳುವಂತಿಲ್ಲ.

ಅಬುಕ್ ಬಂದಿದ್ದಳು. ಬೇಯಿಸಿದ ಮೆಕ್ಕೆಜೋಳ ತಂದು ಒಲೆಯ ಮೇಲಿಟ್ಟು, ನನ್ನ ಕಡೆ ನೋಡದೆ, “ನಿನ್ನ ಆಡಿಗೂ ನಿನ್ನಂಗs ನಿಯತ್ತು ಜಾಸ್ತಿ. ಪಟ್ಟಿ ಬಿಟ್ಟು ಬ್ಯಾರೆ ಕಡೆ ನಿಲ್ಲಂಗಿಲ್ಲ,” ಅಂದಳು.

ಐದು ವಾರದ ಮೇಲೆ ಸಿಕ್ಕ ಬೈಗುಳ. ಜೋಳಕ್ಕಿಂತ ಬಿಸಿಯಾಗಿತ್ತು. ಆದರೂ ಅಣ್ಣನ ಮಾತು ಎತ್ತಲಿಲ್ಲ ಅವಳು. ನಾನೂ ಕೇಳಲಿಲ್ಲ.

ನವೆಂಬರ್ 1

ಗೋರಿಗೆ ಸುಣ್ಣ ಬಳಿದೆ. ಮರದ ನಂಬರಿಗೆ ತಂದ ಸುಣ್ಣದಲ್ಲಿ ಮಿಕ್ಕಿದ್ದು. ಕ್ಲಾವು ಬದುಕಿದ್ದರೆ ‘ನನಗೆಷ್ಟನೇ ನಂಬರು?’ ಅನ್ನುತ್ತಿದ್ದ.

ಅಟ್ಟದಿಂದ ಚಾಪೆ ಇಳಿಸಿದೆ. ಅದೇ ಚಾಪೆ. ಒಂದು ಮೂಲೆ ಇಲಿ ತಿಂದಿದೆ. ಹನ್ನೊಂದು ಚೀಲದಲ್ಲಿ ಒಂದನ್ನು ಬಿಚ್ಚಿ ಗೊಜ್ಜು ಮಾಡಿದೆ — ಅವ್ವ ಮಾಡುತ್ತಿದ್ದ ಹಾಗೆ, ಬೆಲ್ಲದ ಬದಲು ತಾಳೆ ಬೆಲ್ಲ. ಕೈಯಾರೆ ಇಸಕೊಳ್ಳಬೇಕು ಅಂದಿದ್ದಳಲ್ಲ ಅಜ್ಜಿ. ಇಸಕೊಂಡೆ. ಮೆಲ್ಲಗೆ ಹುಳಿ, ಕೊನೆಗೆ ಸಿಹಿ.

ನವೆಂಬರ್ 2, ಗುರುವಾರ, ಮಧ್ಯಾಹ್ನ ಮೂರು

ಗೋರಿಯ ಎಡಕ್ಕೆ ಚಾಪೆ ಹಾಸಿದ್ದೇನೆ. ಮೇಣದ ಬತ್ತಿ ಆರು. ಗೊಜ್ಜು, ಜೋಳ, ಎಲೆಯಡಿಕೆ. ಊರವರೆಲ್ಲ ಅವರವರ ಗೋರಿಗಳ ಹತ್ತಿರ.

ನಾಲ್ಕೂವರೆ

ಬಿಸಿಲಿಗೆ ಬತ್ತಿಗಳು ಬಾಗಿವೆ. ಇಲ್ಲೇ ಕೂತು ಬರೆಯುತ್ತಿದ್ದೇನೆ. ಬರೆಯುತ್ತಿದ್ದರೆ ನದಿಯ ಕಡೆ ನೋಡಬೇಕಿಲ್ಲ. ಆಚೆ ಗೋರಿಯಿಂದ ಅಬುಕ್ ಎರಡು ಸಲ ನನ್ನನ್ನು ನೋಡಿದಳು. ಆಮೇಲೆ ನದಿಯನ್ನು.

ಐದೂಕಾಲು

ಕೋಳಿಯೊಂದು ಚಾಪೆಯ ಹತ್ತಿರ ಬಂತು. ಅದೇ ಕೋಳಿಯ ಮೊಮ್ಮಗಳಿರಬೇಕು. ಓಡಿಸಿದೆ. ಈ ಸಲ ಕೂರಲು ಬಿಡುವುದಿಲ್ಲ, ಕತ್ತಲಾಗುವವರೆಗಾದರೂ.

ಅಣ್ಣ — ಬಣ್ಣ, ಸುಣ್ಣ, ಸಣ್ಣ… ಇಷ್ಟೊಂದು ಪ್ರಾಸವಿರುವ ಪದಕ್ಕೆ ಒಂದು ಸಾಲೂ ಹೊಳೆಯುತ್ತಿಲ್ಲ.

ಚೌಕಿಯ ನಾಯಿ ಬೊಗಳುತ್ತಿದೆ. ಸೈನಿಕರು ಎದ್ದು ನಿಂತು ಆಕಾಶ ನೋಡುತ್ತಿದ್ದಾರೆ. ಮಳೆಯ ಮೋಡವೊಂದೂ ಇಲ್ಲ, ಅಲ್ಲೇನು ನೋಡು—

ಉಸುಕಿನಲ್ಲಿ ನಾಲ್ಕೈದು ಜನ. ಮುಂದಿನವನ ಹೆಗಲ ಮೇಲೆ ಏನೋ ಕೆಂಪಗೆ. ಕೂಗುತ್ತಿದ್ದಾನೆ. ಯಾರನ್ನು? ಅಬುಕ್ ಎದ್ದಿಲ್ಲ. ನನ್ನ ಕಡೆ ಕೈ ಮಾಡುತ್ತಿದ್ದಾಳೆ.

“ಏ ತಂಗೀ! ಆಡಿಗೆ ಗಟ್ಟಿ ಹಗ್ಗ ಕೊಡಾಕ ಬರೂದಿಲ್ಲೇನ ನಿನಗ, ಹದಿನೈದು ದಿನದಿಂದ ಹುಡುಕಾಕತ್ತೇವಿ ಅದನ್ನ—