ಮೂರನೇ ಮೆಷಿನ್ನಿನ ಕೆಂಪು ಗೆರೆಗಳು

ಅಕ್ಕಾ,

ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ತಿಳಿದಿರುತ್ತದೆ. ದಯವಿಟ್ಟು ಹರಿದು ಹಾಕಬೇಡ. ಹರಿಯಲೇಬೇಕೆನಿಸಿದರೆ ಪೂರ್ತಿ ಓದಿ ಆಮೇಲೆ ಹರಿ. ಇದನ್ನು ಬರೆಯಲು ನನಗೆ ಮೂರು ಭಾನುವಾರ ಬೇಕಾಯಿತು. ಮೊದಲ ಎರಡು ಭಾನುವಾರ 'ಅಕ್ಕಾ' ಎಂದು ಬರೆದು ಪೆನ್ನು ಕೆಳಗಿಟ್ಟು ಬಟ್ಟೆ ಒಗೆಯಲು ಹೋದೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಮುಚ್ಚಳದ ಕಾರ್ಖಾನೆಗೆ ಸಾಫ್ಟ್‌ವೇರ್ ಬಂದಿದೆ. ಕಂಬಕ್ಕೊಂದು ಪರದೆ ಹಾಕಿದ್ದಾರೆ. ಯಾವ ಮೆಷಿನ್ ಎಷ್ಟು ಹೊತ್ತು ಓಡಿತು, ಎಷ್ಟು ವೇಗದಲ್ಲಿ ಓಡಿತು, ಎಷ್ಟು ಮುಚ್ಚಳ ಸರಿಯಾಗಿ ಬಂತು ಎಂಬುದನ್ನೆಲ್ಲ ಅದೇ ಲೆಕ್ಕ ಹಾಕಿ ದಿನದ ಕೊನೆಗೆ ನೂರಕ್ಕೆ ಇಷ್ಟು ಎಂದು ಮಾರ್ಕು ಕೊಡುತ್ತದೆ. ಓಡುತ್ತಿದ್ದರೆ ಹಸಿರು ಪಟ್ಟಿ, ನಿಂತರೆ ಕೆಂಪು ಗೆರೆ. ಪ್ರತಿ ಕೆಂಪು ಗೆರೆಗೂ ನಾವು ಕಾರಣ ಒತ್ತಬೇಕು. ನೀನಿದ್ದಿದ್ದರೆ 'ಈ ವಯಸ್ಸಲ್ಲಿ ಮತ್ತೆ ಸ್ಕೂಲಾ!' ಎಂದು ನಗುತ್ತಿದ್ದೆ.

ಕಲಿಸಲು ಒಂದು ಹುಡುಗಿ ಬಂದಿದ್ದಾಳೆ. ನಮ್ಮ ಮಗಳ ವಯಸ್ಸು ಅನ್ನೋಣವೆಂದರೆ ನಮ್ಮಿಬ್ಬರಿಗೂ ಮಕ್ಕಳಿಲ್ಲ. ಮೊದಲ ದಿನ ನಾನು ಎಷ್ಟು ಒತ್ತಿದರೂ ಆ ಪರದೆ ಜಪ್ಪಯ್ಯ ಅನ್ನಲಿಲ್ಲ. ಇಪ್ಪತ್ತು ವರ್ಷ ತಗಡು ಹಿಡಿದು ದಡ್ಡುಗಟ್ಟಿದ ಬೆರಳು, ಅದಕ್ಕೆ ಬೆರಳು ಅಂತಲೇ ಗೊತ್ತಾಗಲಿಲ್ಲವಂತೆ. 'ಆಂಟೀ, ಗುದ್ದಬೇಡಿ, ಸುಮ್ನೆ ಮುಟ್ಟಿ' ಎಂದಳು. ನಾನು ಬೆರಳಿಗೆ ಎಂಜಲು ಹಚ್ಚಿ ಮುಟ್ಟಿದೆ, ಕೆಲಸ ಮಾಡಿತು. ಅವಳು ಮುಖ ಸಿಂಡರಿಸಿ ಕರ್ಚೀಫಿನಿಂದ ಪರದೆ ಒರೆಸಿದಳು. ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು. ಪಕ್ಕಕ್ಕೆ ತಿರುಗಿ ನಿನ್ನ ಮೊಣಕೈ ತಿವಿಯಲು ಹೋದೆ. ಪಕ್ಕದಲ್ಲಿ ಕಂಬವಿತ್ತು.

ಊಟದ ಬೆಂಚಿನಲ್ಲಿ ನಾನು ಈಗಲೂ ಗೋಡೆಯ ಕಡೆಯ ತುದಿಯಲ್ಲೇ ಕೂರುತ್ತೇನೆ. ನಿನ್ನ ಜಾಗದಲ್ಲಿ ಯಾರೂ ಕೂರುವುದಿಲ್ಲ. ನನ್ನ ಮೇಲಿನ ಗೌರವದಿಂದಲ್ಲ, ಶಿಫ್ಟಿನ ಮೇಲ್ವಿಚಾರಣೆ ನನ್ನದು, ಅದಕ್ಕೆ. ನಾನು ಹೋದರೆ ಮಾತು ನಿಲ್ಲುತ್ತದೆ. ಮನೆಗೆ ಬಂದರೂ ಅಷ್ಟೇ, ಒಲೆಯ ಪಕ್ಕ ನಿಂತೇ ಉಂಡುಬಿಡುತ್ತೇನೆ. ಒಬ್ಬಳಿಗೆ ಬಡಿಸಿಕೊಂಡು ಕೂರಲು ಮನಸ್ಸು ಬರುವುದಿಲ್ಲ. ನೀನು ಹೋದ ಮೇಲೆ ನಾನು ಒಂಟಿಯಾಗಿದ್ದೇನೆ ಅಕ್ಕಾ. ಇದನ್ನು ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತಿದ್ದೇನೆ.

ಹೋದ ವರ್ಷ ಇದೇ ಬಿಸಿಲುಗಾಲದಲ್ಲಿ ತಾನೇ ಎಲ್ಲ ಶುರುವಾದದ್ದು. ಮೆಷಿನ್ನಿಗೂ ಕಿಟಕಿಗೂ ನಡುವೆ ಹಳದಿ ಕಂಬಿ ಹಾಕಿ, ಆ ಕಡೆ ಯಾರೂ ನಿಲ್ಲಬಾರದು, ಅಪಾಯ ಎಂದರು. ಇಪ್ಪತ್ತೆರಡು ವರ್ಷ ನೀನು ನಿಲ್ಲುತ್ತಿದ್ದ ಜಾಗ ಅದು. ನಿನ್ನನ್ನು ಈ ಕಡೆ ನಿಲ್ಲಿಸಿದರು. ಅಲ್ಲಿಂದ ಮೂರನೇ ಮೆಷಿನ್ ಮಧ್ಯಾಹ್ನ ಮಧ್ಯಾಹ್ನ ನಿಲ್ಲತೊಡಗಿತು. ಎರಡು ನಿಮಿಷ ನಿಲ್ಲುವುದು, ನೀನು ಗುಂಡಿ ಒತ್ತಿದರೆ ಓಡುವುದು, ಮತ್ತೆ ನಿಲ್ಲುವುದು. 'ನಾನು ಆ ಕಡೆ ನಿಂತ್ರೆ ಅದು ನಿಲ್ಲಲ್ಲ ಕಣೇ. ಅದಕ್ಕೆ ನಾನು ಪಕ್ಕದಲ್ಲಿರ್ಬೇಕು' ಎಂದೆ ನೀನು. ಎಲ್ಲರೂ ನಕ್ಕರು. ನಾನೂ ನಕ್ಕೆ. 'ಏನಕ್ಕಾ, ಅದೇನು ನಿನ್ ಮಗುವಾ?' ಎಂದೆ. ಆ ಮಾತು ಬಾಯಿಂದ ಬಿದ್ದಾಗ ನಿನ್ನ ಮುಖ ಹೇಗಾಯಿತೆಂದು ಈಗಲೂ ಕಾಣುತ್ತದೆ.

ಆಗ ರಿಜಿಸ್ಟರ್ ಬರೆಯುತ್ತಿದ್ದವಳು ನಾನು. ಮೆಷಿನ್ ನಿಂತದ್ದಕ್ಕೆ ಅದರಲ್ಲಿ ನಾಲ್ಕೇ ಕಾರಣ: ಕರೆಂಟ್ ಇಲ್ಲ, ಮಾಲು ಇಲ್ಲ, ರಿಪೇರಿ, ಆಪರೇಟರ್ ತಪ್ಪು. ಕರೆಂಟ್ ಇತ್ತು. ಮಾಲು ಇತ್ತು. ಫಿಟ್ಟರ್ ಬೆಳಿಗ್ಗೆ ಬಂದು ಬಿಚ್ಚಿ ನೋಡಿ 'ಮೆಷಿನ್ ಗುಂಡುಕಲ್ಲಿನ ಹಾಗಿದೆ' ಎಂದು ಹೋದ. ಉಳಿದದ್ದು ಒಂದೇ. ನಲವತ್ತೊಂದು ಸಲ ಬರೆದೆ, ನಲವತ್ತೊಂದು ಸಲವೂ ಕೆಳಗೆ ಸಹಿ ಹಾಕಿದೆ. 'ನಾನೇನ್ ಮಾಡ್ದೆ ಹೇಳೇ ಮೊಂಡಿ' ಎಂದು ನೀನು ಕೇಳಿದಾಗ ಪುಸ್ತಕದಿಂದ ತಲೆ ಎತ್ತಲಿಲ್ಲ. 'ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ' ಎಂದು ಗೊಣಗುತ್ತಾ ಹೋದೆ ನೀನು.

ಆ ನಲವತ್ತೊಂದು ಸಾಲು ತೋರಿಸಿಯೇ ಅವರು ನಿನ್ನನ್ನು ಪ್ಯಾಕಿಂಗಿಗೆ ಹಾಕಿದ್ದು. ಗೋಡೆಗೆ ಮುಖ ಮಾಡಿ ಪೆಟ್ಟಿಗೆಗೆ ಟೇಪು ಅಂಟಿಸುತ್ತಾ ಒಂದು ತಿಂಗಳು ಇದ್ದೆ ನೀನು. ಒಂದು ಸೋಮವಾರ ಬರಲಿಲ್ಲ. ನಿನ್ನನ್ನು ಪ್ಯಾಕಿಂಗಿಗೆ ಹಾಕಿದ ದಿನವೇ, ಆರ್ಡರೂ ಕಮ್ಮಿಯಾಗಿದೆಯೆಂದು, ನಿನ್ನ ಮೆಷಿನ್ನಿಗೆ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿಬಿಟ್ಟಿದ್ದರು. ಅದರ ಸತ್ಯ ತಿಳಿಯಲು ಇನ್ನೊಬ್ಬರು ಅದರ ಮುಂದೆ ನಿಲ್ಲಲೇ ಇಲ್ಲ.

ಈ ವರ್ಷ ಆರ್ಡರ್ ಬಂತು. ಹೊದಿಕೆ ತೆಗೆದರು. ಮೇಲ್ವಿಚಾರಣೆಯ ನಡುವೆಯೂ ನಾನೇ ಓಡಿಸುವ ನಾಲ್ಕನೆಯದರ ಜೊತೆ ಮೂರನೆಯದನ್ನೂ ನನಗೇ ಕೊಟ್ಟರು. ಎರಡನೇ ದಿನ ಮೂರು ಗಂಟೆ ದಾಟಿತ್ತು, ನಿಂತಿತು. ಪರದೆಯಲ್ಲಿ ಕೆಂಪು ಗೆರೆ. ನೋಡಿದೆ, ಕರೆಂಟ್ ಇದೆ, ಮಾಲು ಇದೆ. ಹಳೇ ಚಾಳಿ, ಬೆರಳು ತಾನಾಗಿಯೇ ಹೋಗಿ 'ಆಪರೇಟರ್ ತಪ್ಪು' ಮುಟ್ಟಿತು. ರಿಜಿಸ್ಟರ್ ಕೇಳದ ಒಂದು ಪ್ರಶ್ನೆಯನ್ನು ಆ ಪರದೆ ಕೇಳಿತು: ಆಪರೇಟರ್ ಯಾರು? ಕೆಳಗೆ ಒಂದೇ ಹೆಸರಿತ್ತು. ನನ್ನದು.

ನನಗೆ ಉರಿದುಹೋಯಿತು. 'ನಾನೇನ್ ಮಾಡ್ದೆ?' ಎಂದು ಕೂಗಿಯೇಬಿಟ್ಟೆ. ಕೂಗಿದ ಮೇಲೆ ಅದು ಯಾರ ಮಾತೆಂದು ನೆನಪಾಯಿತು. ಹಾಗೇ ಮಾಲಿನ ಡಬ್ಬದ ಮೇಲೆ ಕೂತುಬಿಟ್ಟೆ ಅಕ್ಕಾ.

ಆ ಹುಡುಗಿ ಓಡಿ ಬಂದಳು. 'ಗೊತ್ತಿಲ್ದಿದ್ರೆ ಯಾವುದೋ ಒಂದನ್ನ ಒತ್ತಬೇಡಿ ಆಂಟಿ. ಕೆಳಗೆ ಗೊತ್ತಿಲ್ಲ ಅಂತಾನೇ ಒಂದು ಇದೆಯಲ್ಲ, ಅದನ್ನೇ ಒತ್ತಿ. ಆಮೇಲೆ ಹುಡುಕೋಣ' ಎಂದಳು. ಎಷ್ಟು ಸಲೀಸಾಗಿ ಅಂದುಬಿಟ್ಟಳು! ನಮ್ಮ ರಿಜಿಸ್ಟರಿನಲ್ಲಿ ಆ ಕಾಲಂ ಇರಲಿಲ್ಲ. ನಿಜ. ಆದರೆ ಅಂಚಿನಲ್ಲಿ ಬರೆಯಲು ಜಾಗವಿತ್ತು, ನನ್ನ ಕೈಯಲ್ಲಿ ಪೆನ್ನೂ ಇತ್ತು.

ಹದಿನೆಂಟು ದಿನ 'ಗೊತ್ತಿಲ್ಲ' ಒತ್ತಿದೆ. ಆಮೇಲೆ ಅವಳು ಎಲ್ಲ ದಿನಗಳ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸಿದಳು. ಕೆಂಪು ಗೆರೆಗಳೆಲ್ಲ ಮೂರು ಹತ್ತರಿಂದ ಮೂರು ನಲವತ್ತರೊಳಗೆ ಒತ್ತಾಗಿ ನಿಂತಿದ್ದವು. ನಾಲ್ಕು ದಿನ ಮಾತ್ರ ಒಂದೂ ಇಲ್ಲ. 'ಆ ದಿನಗಳಲ್ಲಿ ಏನ್ ವಿಶೇಷ ಆಂಟಿ?' ಎಂದಳು. ಒಗೆದ ಬಟ್ಟೆ ಒಣಗದ ದಿನಗಳು ನನಗೆ ನೆನಪಿದ್ದವು. ಮೋಡದ ದಿನಗಳು.

ಮಾರನೆಯ ದಿನ ಇಬ್ಬರೂ ಕಾದು ನಿಂತೆವು. ಮೇಲಿನ ಕಿಟಕಿಯಿಂದ ಅಂಗೈಯಗಲ ಬಿಸಿಲು ಇಳಿದು, ಬೆಲ್ಟಿನ ಉದ್ದಕ್ಕೂ ಮೆಲ್ಲಗೆ ಬಂದು, ಮುಚ್ಚಳ ಎಣಿಸುವ ಸೆನ್ಸರಿನ ಮೇಲೆ ನೇರವಾಗಿ ಬಿತ್ತು. ಮೆಷಿನ್ ನಿಂತಿತು. ಬಿಸಿಲಿಗೆ ಅದಕ್ಕೆ ಏನೂ ಕಾಣದೆ, ಮುಚ್ಚಳ ಸಿಕ್ಕಿಕೊಂಡಿದೆ ಎಂದುಕೊಂಡು ನಿಲ್ಲಿಸುತ್ತದಂತೆ. ನಾನು ಕಂಬಿ ದಾಟಿ ಹೋಗಿ ನಿನ್ನ ಜಾಗದಲ್ಲಿ ನಿಂತೆ. ನನ್ನ ನೆರಳು ಅದರ ಮೇಲೆ ಬಿತ್ತು. ಹುಡುಗಿ ಗುಂಡಿ ಒತ್ತಿದಳು. ಮೂರು ನಲವತ್ತರವರೆಗೆ ಅಲ್ಲಾಡದೆ ನಿಂತಿದ್ದೆ. ಒಂದು ಸಲವೂ ನಿಲ್ಲಲಿಲ್ಲ ಅಕ್ಕಾ. ಇಪ್ಪತ್ತೆರಡು ವರ್ಷ ನೀನು ಅದಕ್ಕೆ ನೆರಳಾಗಿ ನಿಂತಿದ್ದೆ, ನಿನಗೂ ಅದು ಗೊತ್ತಿರಲಿಲ್ಲ. ಬೆನ್ನು ಸುಡುತ್ತಿತ್ತು. ನಾನು ಎಲ್ಲರೆದುರಿಗೇ ಅತ್ತೆ.

ಫಿಟ್ಟರ್ ಒಂದು ಚೂರು ತಗಡು ಬಗ್ಗಿಸಿ ಸೆನ್ಸರಿಗೆ ಮರೆ ಮಾಡಿದ. ಹತ್ತು ನಿಮಿಷದ ಕೆಲಸ. ಮೂರನೆಯದರ ಮಾರ್ಕು ಅರವತ್ತೊಂದರಿಂದ ಅರವತ್ತೈದಕ್ಕೆ ಹತ್ತಿತು. ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ನನಗೆ ಚಪ್ಪಾಳೆ ಹೊಡೆಸಿದರು. ಆ ಚಪ್ಪಾಳೆ ಕೆನ್ನೆಗೆ ಬಿದ್ದ ಹಾಗಿತ್ತು. 'ಸರ್, ಹೋದ ವರ್ಷದ ನಲವತ್ತೊಂದೂ ಅಕ್ಕನ ತಪ್ಪಲ್ಲ. ಸುಳ್ಳು ಬರೆದೋಳು ನಾನು' ಎಂದೆ. 'ಹಳೇದೆಲ್ಲ ಯಾಕಮ್ಮ ಈಗ' ಎಂದರು. ನಾನು ಮೊಂಡಿಯಲ್ಲವೇ, ಬಿಡಲಿಲ್ಲ. ಸ್ಟೋರಿನಿಂದ ಹಳೇ ರಿಜಿಸ್ಟರ್ ತರಿಸಿ, ಅವರೆದುರಿಗೇ ನಲವತ್ತೊಂದು ಸಾಲನ್ನೂ ಹೊಡೆದುಹಾಕಿ, ಪಕ್ಕದಲ್ಲಿ 'ಬಿಸಿಲು' ಎಂದು ಬರೆದು ಸಹಿ ಹಾಕಿದೆ. ಅವರಿಂದಲೂ ಹಾಕಿಸಿದೆ. ಆ ಪುಟಗಳ ನಕಲು ಈ ಕಾಗದದ ಜೊತೆಗಿದೆ. ನಿನ್ನ ಕೆಲಸ ನಿನಗೆ ವಾಪಸ್ ಕೊಡುತ್ತಾರಂತೆ. ಬರುವುದು ಬಿಡುವುದು ನಿನಗೆ ಸೇರಿದ್ದು.

ಆರು ತಿಂಗಳ ಹಿಂದೆ ಔಷಧಿ ಅಂಗಡಿಯ ಮುಂದೆ ಸಿಕ್ಕಾಗ ನೀನು ನನ್ನನ್ನು ಹೇಗಿದ್ದೀಯ ಎಂದು ಕೇಳಲಿಲ್ಲ. 'ಮೂರನೇದು ಹೇಗಿದೆ?' ಎಂದಷ್ಟೇ ಕೇಳಿದೆ. ನಾನು ಚೆನ್ನಾಗಿದೆ ಎಂದು ಸುಳ್ಳು ಹೇಳಿದೆ, ಹೊದಿಕೆ ಹೊದ್ದು ನಿಂತಿತ್ತು ಅದು. ಈಗ ನಿಜ ಹೇಳುತ್ತೇನೆ: ಚೆನ್ನಾಗಿದೆ ಅಕ್ಕಾ. ನಾನು ಚೆನ್ನಾಗಿಲ್ಲ.

ಬರುವ ಭಾನುವಾರ ಹತ್ತು ಗಂಟೆಗೆ ನಿನ್ನ ಬಾಗಿಲಿಗೆ ಬರುತ್ತೇನೆ. ಒಂದೇ ಸಲ ತಟ್ಟುತ್ತೇನೆ. ನೀನು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತೇನೆ, ಕಾರಣ ಕೇಳುವುದಿಲ್ಲ. ಅದು ನನಗೆ ಗೊತ್ತಿದೆ.

ಎಲ್ಲಿದ್ದರೂ ನಿನ್ನ ತಲೆಯ ಮೇಲೆ ತಂಪು ಇರಲಿ.

ನಿನ್ನ ಕಾಲಿಗೆ ಬಿದ್ದು,
ಮೊಂಡಿ