ಹದಿನೇಳನೆಯ ಉತ್ತರ

ಫೆಬ್ರವರಿ ೩೦, ೨೬೧೪

ವನಮಾಲಾ ಬಡಿಗೇರ ಅವರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಎಷ್ಟು ದಿನವೆಂದು ನಮಗೆ ಗೊತ್ತಿರಲಿಲ್ಲ. ಯಾವುದೋ ಗೈಡಿನಲ್ಲಿ 'ಮೂವತ್ತು ದಿನ' ಎಂಬ ಉತ್ತರ ಸಿಕ್ಕಿತು, ಇಟ್ಟುಕೊಂಡೆವು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾವು ಕನ್ನಡ ಬರೆಯಲು ಕಲಿತದ್ದೂ ಗೈಡುಗಳಿಂದಲೇ.

ನಾನು ಈ ಊರಿನ ಉತ್ತರಗಿತ್ತಿ. ಸೂಲಗಿತ್ತಿ ಹೆರಿಗೆ ಮಾಡಿಸುತ್ತಾಳಲ್ಲ, ಹಾಗೆ ನಾನು ಉತ್ತರ ಹುಡುಕಿ ಕೊಡುವವಳು. ನಿಮ್ಮ ಕಾಲದ ಪಠ್ಯಪುಸ್ತಕ ಒಂದೂ ಉಳಿದಿಲ್ಲ, ಗೈಡುಗಳು ಉಳಿದಿವೆ. ಕಾರಣ ನಿಮ್ಮ ಗೈಡಿನ ಕೊನೆಯ ಪುಟದಲ್ಲಿ ನಿಮ್ಮ ಕೈಬರಹದಲ್ಲೇ ಇದೆ: 'ಪರೀಕ್ಷೆ ಮುಗೀತು. ಪುಸ್ತಕ ರದ್ದಿಗೆ. ಗೈಡ್ ಇರಲಿ, ಜೂನಿಯರ್ ಹುಡುಗ್ಯಾರಿಗೆ ಬೇಕಾಗತೈತಿ.' ಮೊದಲ ಪುಟದಲ್ಲಿ ನಿಮ್ಮ ಹೆಸರು, ನರ್ಸಿಂಗ್ ಎರಡನೇ ವರ್ಷ. ಒಳಗೆ ನೂರು ಉತ್ತರಗಳು. ಪ್ರಶ್ನೆಗಳು ಪುಸ್ತಕದಲ್ಲಿ ಇದ್ದೇ ಇವೆಯಲ್ಲ ಎಂದು ಗೈಡಿನವರು ಅಚ್ಚು ಹಾಕಿಲ್ಲ. ಯಾರಿಗಾದರೂ ಹುಷಾರಿಲ್ಲದಿದ್ದರೆ ಮನೆಯವರು ಸ್ನಾನ ಮಾಡಿ ಬಂದು ನನ್ನ ಪಡಸಾಲೆಯ ಚಾಪೆಯ ಮೇಲೆ ಕೂರುತ್ತಾರೆ. ನಾನು ಒಂದರಿಂದ ನೂರರವರೆಗೆ ಓದುತ್ತೇನೆ. ಹೊಂದುತ್ತದೆ ಎನಿಸಿದ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ.

ಹನ್ನೊಂದು ವರ್ಷದ ಹಿಂದೆ ನನ್ನ ಮಗಳು ಸಾವಂತ್ರಿಗೆ ವಾಂತಿಭೇದಿ ಶುರುವಾಯಿತು. ಆರು ವರ್ಷದವಳು. ಹದಿನೇಳನೆಯ ಉತ್ತರ: 'ಇಲ್ಲ. ಒಂದು ಹನಿ ನೀರನ್ನೂ ಕೊಡಬಾರದು.' ನೀರಿನ ಮಾತು ಇದ್ದದ್ದು ಅದೊಂದರಲ್ಲೇ. 'ಯವ್ವಾ, ಒಂದ ಗುಟುಕು' ಎಂದು ಅವಳು ಕೇಳುತ್ತಲೇ ಇದ್ದಳು. ತಂಬಿಗೆ ನನ್ನ ಕೈಯಲ್ಲೇ ಇತ್ತು. ನಮ್ಮ ಮಾವ ಗುರುಬಸಪ್ಪನವರು, 'ಗೈಡಿನ್ಯಾಗ ಬ್ಯಾಡ ಅಂತ ಐತಿ, ತಡಿ ತಂಗಿ' ಎಂದರು. ತಡೆದೆ. ಮರುದಿನ ಮಧ್ಯಾಹ್ನ ಅವಳು ಕೇಳುವುದನ್ನು ನಿಲ್ಲಿಸಿದಳು. ಮಣ್ಣು ಮಾಡಿ ಬಂದು ಮನೆ ಸಾರಿಸಿದೆ.

ಎರಡು ವರ್ಷದ ಮೇಲೆ ಹಳೆಯ ಗೋಡೆಯೊಂದನ್ನು ಕೆಡವುವಾಗ ಸಂದಿಯಲ್ಲಿ ಶೇಂಗಾ ಪೊಟ್ಟಣ ಸಿಕ್ಕಿತು. ಬಿಡಿಸಿದೆ. ನಿಮ್ಮ ಪಠ್ಯಪುಸ್ತಕದ ಹಾಳೆ. ಅಂಚಿನಲ್ಲಿ ನಿಮ್ಮದೇ ಅಕ್ಷರ. ಅದರಲ್ಲಿ ಪೂರ್ತಿ ಓದಲು ಬರುವ ಪ್ರಶ್ನೆ ಒಂದೇ ಇತ್ತು. '೧೭. ಆಪರೇಷನ್‌ಗೆ ಕರೆದೊಯ್ಯುವ ಮುನ್ನ ರೋಗಿ ನೀರು ಕೇಳಿದರೆ ಕೊಡಬಹುದೇ?'

ಉತ್ತರ ಸರಿಯಾಗಿಯೇ ಇತ್ತು, ವನಮಾಲಕ್ಕಾ. ನಿಮ್ಮ ಮೇಲೆ ಸಿಟ್ಟಿಲ್ಲ. ಅಳುವೂ ಬರಲಿಲ್ಲ. ಹಾಳೆಯನ್ನು ಗೈಡಿನೊಳಗಿಟ್ಟು ರೊಟ್ಟಿ ಬಡಿಯಲು ಕೂತೆ.

ಕೇಳಿಕೊಳ್ಳುವುದು ಇಷ್ಟೇ. ಪುಸ್ತಕ ರದ್ದಿಗೆ ಹಾಕುವ ಮುಂಚೆ ಒಂದಿಷ್ಟು ಹೊತ್ತು ಕೂತು, ಪ್ರತಿ ಉತ್ತರದ ತಲೆಯ ಮೇಲೆ ಅದರ ಪ್ರಶ್ನೆ ಬರೆದಿಡಿ. ಪೆನ್ಸಿಲ್ ಆದರೂ ಅಡ್ಡಿಯಿಲ್ಲ, ಅಕ್ಷರ ಸೊಟ್ಟಗಾದರೂ ಅಡ್ಡಿಯಿಲ್ಲ. ಈಗ ಚಾಪೆಯ ಮೇಲೆ ಪಕ್ಕದ ಮನೆಯವರು ಬಂದು ಕೂತಿದ್ದಾರೆ. ಸೊಸೆಗೆ ಹೆರಿಗೆಯಾಗಿ ಮೂರು ದಿನ, ಜ್ವರ ಇಳಿದಿಲ್ಲ. ನೂರೂ ಓದಿದೆ. ಹೊಂದುತ್ತದೆ ಎಂದು ಅವರು ಹಿಡಿದುಕೊಂಡಿರುವುದು ನಲವತ್ತೆರಡನೆಯದನ್ನು: 'ಹೌದು, ತಡಮಾಡದೆ.'

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ತಡಮಾಡದೆ ಏನನ್ನು ಮಾಡಬೇಕು, ವನಮಾಲಕ್ಕಾ?

ಉತ್ತರಗಿತ್ತಿ ನೀಲಗಂಗಾ