ಬ್ಯಾಗಿಲ್ಲದೆ ಗೆದ್ದೆವು

ಗ್ದಾನ್ಸ್ಕ್, ಶನಿವಾರ

ಪ್ರೀತಿಯ ಅಕ್ಕಾ,

"ವಾರಾಂತ್ಯಕ್ಕೆ ಪೋಲೆಂಡಾ? ವಿಮಾನದವ್ರು ಬ್ಯಾಗಿಗೆ ಕೀಳೋ ದುಡ್ಡೂ ಸೇರಿದ್ರೆ ಇಲ್ಲೇ ಕಡಲತೀರದ ಬ್ಲ್ಯಾಕ್‌ಪೂಲ್‌ಗಿಂತ ದುಬಾರಿ ಆಗತ್ತೆ. ಸೋತೋರು ಕ್ರಿಸ್‌ಮಸ್ ಅಡುಗೆ ಮಾಡ್ಬೇಕು" ಅಂದಿದ್ದೆಯಲ್ಲ, ನೀನೇ ಸೋತೆ. ನಮ್ಮೂರು ಲೀಡ್ಸ್‌ನಿಂದ ಎಲ್ಲಕ್ಕಿಂತ ಅಗ್ಗದ ವಿಮಾನ ಇಲ್ಲಿಗಿತ್ತು, ಅದಕ್ಕೇ ಈ ಊರು. ಬ್ಯಾಗೇ ಇಲ್ಲದೆ ಬಂದೆವು. ನನ್ನ ಗಂಡ ಟ್ರೆವರ್ ಮೂರು ಸ್ವೆಟರ್, ಎರಡು ಪ್ಯಾಂಟ್ ಒಂದರ ಮೇಲೊಂದು ತೊಟ್ಟು, ನನ್ನ ನೈಟಿಯನ್ನು ಕೋಟಿನ ಜೇಬಿಗೆ ತುರುಕಿಕೊಂಡಿದ್ದ. ವಿಮಾನ ಹತ್ತುವಲ್ಲಿ ಟಿಕೆಟ್ ನೋಡುವ ಹುಡುಗಿ, "ಯಾಕ್ ಸಾರ್ ಇಷ್ಟೊಂದು ಬೆವರ್ತಿದೀರಾ?" ಅಂದಳು.

"ನಂಗೆ ಮೊದಲಿಂದ್ಲೂ ಚಳಿ ಜಾಸ್ತಿ ಕಣಮ್ಮ" ಅಂದ ಟ್ರೆವರ್.

ಅವಳು ಜೇಬಿನಿಂದ ಇಣುಕುತ್ತಿದ್ದ ಲೇಸನ್ನು ನೋಡಿ, ಮುಸಿಮುಸಿ ನಕ್ಕು ಒಳಗೆ ಬಿಟ್ಟಳು.

ಅವನ ಬೆನ್ನ ತುಂಬ ಬೆವರುಸಾಲೆ ಎದ್ದಿದೆ, ಉಳಿದಂತೆ ಆರಾಮ. ಪೌಡರ್ ತರಲು ಓಡಬೇಕು. ಕ್ರಿಸ್‌ಮಸ್ ಊಟಕ್ಕೆ ನಾವು ಮನೆಮಂದಿಯೆಲ್ಲ ಹನ್ನೊಂದು ಜನ ಬರುತ್ತೇವೆ, ದೊಡ್ಡ ಟರ್ಕಿ ಕೋಳಿಗೆ ಈಗಲೇ ಹೇಳಿಡು.

ನಿನ್ನ ತಂಗಿ,
ಗ್ಲೆನಿಸ್